ಊಟ ಬಟ್ಟೆಗೆ ಏನು ಕಮ್ಮಿ?

ಕೋಟೆ ಎಂದಕೂಡಲೇ ನಾವು ಕಟ್ಟಿಸಿದವನ ಹೆಸರು ಕೇಳುತ್ತೇವೆ, ಆಮೇಲೆ ಗೆದ್ದವನ ಹೆಸರು. ಅಲ್ಲಿಗೆ ಚರಿತ್ರೆ ಮುಗಿಯಿತು. ಶಾಲೆಯಲ್ಲಿ ನಾನೂ ಹಾಗೆಯೇ ಬಾಯಿಪಾಠ ಮಾಡಿ ಅಂಕ ಗಿಟ್ಟಿಸಿದವಳು. ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿಗೆ ಹೋದವಳು ಸಸೆಕ್ಸ್ ಕರಾವಳಿಯ ಪೆವೆನ್ಸಿ ಕೋಟೆ ನೋಡಿ ಬಂದೆ. ಅಂದಿನಿಂದ ಆ ಬಾಯಿಪಾಠದ ಮೇಲೆ ನನಗೆ ಸಿಟ್ಟು.

ಹೊರಗೋಡೆ ರೋಮನ್ನರದು, ಸುಮಾರು ಕ್ರಿ.ಶ. 290ರ ಹೊತ್ತಿನದು. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಲ್ಲಿ ಬಂದಿಳಿದು ಅದೇ ಗೋಡೆಯ ಆಸರೆಯಲ್ಲಿ ಬೀಡುಬಿಟ್ಟ. ಮುಂದೆ ಅದರೊಳಗೇ ಒಂದು ಮೂಲೆಯಲ್ಲಿ ಹೊಸ ಕಲ್ಲಿನ ಕೋಟೆ ಎದ್ದಿತು. 1940ರಲ್ಲಿ ಜರ್ಮನರ ಭಯಕ್ಕೆ ಆ ಹಳೆಯ ಕಲ್ಲುಗಳ ನಡುವೆಯೇ ಮೆಷಿನ್‌ಗನ್‌ಗಳಿಗೆ ಗೂಡು ಕಟ್ಟಿದರು. ಹಳೆಯ ಸೀರೆಯನ್ನು ಕೌದಿ ಮಾಡಿ, ಕೌದಿ ಹರಿದರೆ ಒರಸುಬಟ್ಟೆ ಮಾಡುವ ನಮಗೆ ಇದೇನು ಅಚ್ಚರಿಯಲ್ಲ. ನಾವು ಮಾಡಿದರೆ ಜಿಪುಣತನ, ರಾಜರು ಮಾಡಿದರೆ ಯುದ್ಧತಂತ್ರ!

ಅದಿರಲಿ. ಗೋಡೆಯೊಳಗೆ ಇದ್ದವರು ಯಾರು? 491ರಲ್ಲಿ ಸ್ಯಾಕ್ಸನ್ನರು ಒಳಗಿದ್ದ ಒಬ್ಬರನ್ನೂ ಉಳಿಸದೆ ಕೊಂದರೆಂದು ಅವರದೇ ವೃತ್ತಾಂತ ಹೇಳುತ್ತದೆ. ಕೊಂದ ನಾಯಕರ ಹೆಸರಿದೆ. ಸತ್ತವರದು ಒಂದು ಹೆಸರೂ ಇಲ್ಲ.

ಹೆಸರಿದ್ದವಳ ಗತಿ ಕೇಳಿ. ನವಾರದ ಜೋನ್, ನಾಲ್ಕನೆಯ ಹೆನ್ರಿಯ ವಿಧವೆ. ಅವಳಿಗೆ ವರ್ಷಕ್ಕೆ 10,000 ಮಾರ್ಕ್ ಜೀವನಾಂಶ ಗೊತ್ತಾಗಿತ್ತು. ಮಲಮಗ ಐದನೆಯ ಹೆನ್ರಿಗೆ ಫ್ರಾನ್ಸಿನ ಯುದ್ಧಕ್ಕೆ ಹಣ ಬೇಕಿತ್ತು. 1419ರಲ್ಲಿ, ರಾಜನನ್ನು ಕೊಲ್ಲಲು ಮಾಟ ಮಾಡಿಸಿದಳೆಂದು ಅವಳ ಪಾದ್ರಿಯೇ ದೂರು ಹೇಳಿದ. ಆಸ್ತಿ ಮುಟ್ಟುಗೋಲಾಯಿತು. ಅವಳನ್ನು ಸೆರೆಯಿಟ್ಟ ಜಾಗಗಳಲ್ಲಿ ಪೆವೆನ್ಸಿಯೂ ಒಂದು. ವಿಚಾರಣೆ ಮಾತ್ರ ನಡೆಯಲೇ ಇಲ್ಲ. 1422ರಲ್ಲಿ, ಸಾಯುವುದಕ್ಕೆ ಕೆಲವೇ ವಾರ ಮುಂಚೆ, ರಾಜ ಎಲ್ಲವನ್ನೂ ಹಿಂದಿರುಗಿಸಲು ಹೇಳಿದ. ತಪ್ಪು ಮಾಡಿದ್ದರೆ ವಿಚಾರಣೆ ಏಕಿಲ್ಲ? ಮಾಡಿಲ್ಲದಿದ್ದರೆ ಸುಮಾರು ಮೂರು ವರ್ಷ ಸೆರೆ ಏಕೆ?

"ಅದು ರಾಜಕೀಯ, ಹೆಣ್ಣು ಗಂಡಿನ ಪ್ರಶ್ನೆಯಲ್ಲ. ಊಟ ಬಟ್ಟೆಗೆ ಏನು ಕಮ್ಮಿ ಮಾಡಿದ್ದರು?" ಎಂದರು, ಜೊತೆಯಲ್ಲಿದ್ದ ನಮ್ಮವರು. ಕಮ್ಮಿ ಮಾಡಿರಲಿಲ್ಲ, ನಿಜ. ಆದರೆ ಈ ಮಾತನ್ನು ನಾನು ಮೊದಲ ಸಲ ಕೇಳಿದ್ದು ಪೆವೆನ್ಸಿಯಲ್ಲಲ್ಲ. ಗಂಡ ಸತ್ತ ಮೂರು ತಿಂಗಳಿಗೆ ನನ್ನ ದೊಡ್ಡಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡು ಗದ್ದೆ ಬರೆಸಿಕೊಂಡ ದಿನ, ಜಗಲಿಯ ಮೇಲೆ ಕೂತವರೂ ಹೀಗೇ ಅಂದಿದ್ದರು. ಅವಳು ಸಾಯುವವರೆಗೂ ಹೊಟ್ಟೆ ತುಂಬ ಉಂಡಳು. ಒಂದು ರೂಪಾಯಿ ಬೇಕಾದರೂ ಕೈಚಾಚಿದಳು. ರಾಣಿಗಾದರೂ ಕೊನೆಗೆ ಹಿಂದಿರುಗಿಸಿದರು!

ಕಲ್ಲುಗಳನ್ನು ಮತ್ತೆ ಬಳಸಿದ ಹಾಗೆ ಈ ಮಾತನ್ನೂ ಶತಮಾನಗಳಿಂದ ಬಳಸುತ್ತಲೇ ಇದ್ದಾರೆ. ಮಕ್ಕಳನ್ನು ಕೋಟೆ ನೋಡಲು ಕರೆದೊಯ್ಯುವ ತಾಯಂದಿರೇ, ಕಟ್ಟಿಸಿದವನು ಯಾರೆಂದು ಅವರು ಕೇಳಿದರೆ ಹೇಳಿ. ಒಳಗೆ ಕೂಡಿಹಾಕಿದ್ದು ಯಾರನ್ನು, ಅವರ ಆಸ್ತಿ ಯಾರ ಪಾಲಾಯಿತು ಎಂಬುದನ್ನು ಅವರು ಕೇಳದಿದ್ದರೂ ಹೇಳಿ.