ಮಗು ಗಾಯಗೊಂಡಾಗ ಮೊದಲ ಗಂಟೆ ಯಾರದು?

ಫೆಬ್ರವರಿ ಬಂತೆಂದರೆ ಅಜ್ಜಂಪುರ ಸೀಮೆಯ ದಾರಿಗಳು ಅಂತರಘಟ್ಟೆಯತ್ತ ಮುಖ ಮಾಡುತ್ತವೆ. ದೇವಿಯ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ಎತ್ತಿನ ಗಾಡಿಗಳು ಸಾಲುಗಟ್ಟಿ ಬರುತ್ತವೆ. ಗಾಡಿಯ ತುಂಬ ಮಕ್ಕಳು, ಬಯಲಿನಲ್ಲಿ ಹೂಡಿದ ಒಲೆಗಳ ಸುತ್ತ ಮಕ್ಕಳು. ಇದೇ ತಿಂಗಳ 11ರಂದು ನಮಗೆ ಲೂರ್ದುಮಾತೆಯ ಹಬ್ಬ. ಜಗದ್ಗುರು ಎರಡನೇ ಜಾನ್ ಪಾಲರು 1992ರಲ್ಲಿ ಆ ದಿನವನ್ನು ವಿಶ್ವ ರೋಗಿಗಳ ದಿನವೆಂದು ಘೋಷಿಸಿದರು. 1993ರಿಂದ ಅದು ಆಚರಣೆಯಲ್ಲಿದೆ. ಅಂದು ದೇವಾಲಯಗಳಲ್ಲಿ ವೃದ್ಧರಿಗಾಗಿ, ಹಾಸಿಗೆ ಹಿಡಿದವರಿಗಾಗಿ ಪ್ರಾರ್ಥಿಸುತ್ತೇವೆ. ಆದರೆ ಬೆಳಿಗ್ಗೆ ಅಂಗಳದಲ್ಲಿ ಆಡುತ್ತಿದ್ದು, ಸಂಜೆಯ ಹೊತ್ತಿಗೆ ಕುದಿಯುವ ಸಾರು ಮೈಮೇಲೆ ಬಿದ್ದು ನರಳುವ ಮಗು ನಮ್ಮ ಪ್ರಾರ್ಥನೆಯ ಪಟ್ಟಿಯಲ್ಲಿ ಬರುವುದು ಅಪರೂಪ.

ಇಂಥ ಅವಘಡವಾದಾಗ ಊರಿನವರು ‘ಹಣೆಬರಹ’ ಎನ್ನುತ್ತಾರೆ. ನಮ್ಮವರು ‘ದೇವರ ಚಿತ್ತ’ ಎನ್ನುತ್ತಾರೆ. ಎರಡು ಮಾತುಗಳೂ ಮಾಡುವ ಕೆಲಸ ಒಂದೇ: ಕಾರಣ ಹುಡುಕುವ ಹೊಣೆಯಿಂದ ನಮ್ಮನ್ನು ಬಿಡಿಸುತ್ತವೆ. ಮಕ್ಕಳ ಗಾಯಗಳಲ್ಲಿ ಬಹುಪಾಲಿಗೆ ಕಾರಣವುಂಟು, ತಡೆಯುವ ದಾರಿಯೂ ಉಂಟು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2008ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ 8 ಲಕ್ಷದ 30 ಸಾವಿರಕ್ಕೂ ಹೆಚ್ಚು ಮಕ್ಕಳು ಆಕಸ್ಮಿಕ ಗಾಯಗಳಿಂದ ಸಾಯುತ್ತಿದ್ದರು. ಅಂದರೆ ದಿನಕ್ಕೆ ಎರಡು ಸಾವಿರಕ್ಕೂ ಹೆಚ್ಚು. ರಸ್ತೆ ಅಪಘಾತ, ನೀರಿನಲ್ಲಿ ಮುಳುಗುವಿಕೆ, ಸುಟ್ಟಗಾಯ, ಬೀಳುವಿಕೆ, ವಿಷಸೇವನೆ ಇವೇ ಐದು ಮುಖ್ಯ ಕಾರಣಗಳು. ನಮ್ಮ ದೇಶದಲ್ಲಿ ಮಕ್ಕಳ ಆರೋಗ್ಯ ತಪಾಸಣೆಗೆಂದು 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಆರಂಭವಾಯಿತು. ಹುಟ್ಟಿನ ನ್ಯೂನತೆ, ಪೋಷಕಾಂಶಗಳ ಕೊರತೆ, ಕಾಯಿಲೆ, ಬೆಳವಣಿಗೆಯ ವಿಳಂಬ ಈ ನಾಲ್ಕನ್ನು ಅದು ಗುರುತಿಸುತ್ತದೆ. ಗಾಯಕ್ಕೆ ಅಲ್ಲಿ ಸ್ಥಾನವಿಲ್ಲ. ಲಸಿಕೆಗೆ ದಿನ ಗೊತ್ತುಮಾಡಬಹುದು, ಗಾಯಕ್ಕೆ ಗೊತ್ತುಮಾಡಲಾಗದು. ಅದಕ್ಕೆಂದೇ ಅದು ಎಲ್ಲರ ಕೆಲಸವಾಗಿ, ಕೊನೆಗೆ ಯಾರ ಕೆಲಸವೂ ಆಗದೆ ಉಳಿದಿದೆ.

ಕಡೂರು, ತರೀಕೆರೆ, ಅಜ್ಜಂಪುರದ ಬಯಲಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಇದು ಮಳೆ ನಂಬಿದ ಸೀಮೆ. ನೀರಿಗಾಗಿ ರೈತ ಭೂಮಿಯನ್ನು ಕೊರೆದ. ಮಳೆಯ ನೀರನ್ನು ಹಿಡಿಯಲು ಹೊಂಡ ತೋಡಿದ. ಎರಡೂ ಬದುಕಿಗೆ ಬೇಕಾದವು, ಎರಡೂ ಮಕ್ಕಳಿಗೆ ಅಪಾಯಕಾರಿ. ತೆರೆದ ಕೊಳವೆಬಾವಿ ಏನು ಮಾಡಬಲ್ಲದೆಂಬುದನ್ನು ಕರ್ನಾಟಕ 2014ರಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯಲ್ಲಿಯೂ 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿಯೂ ಕಂಡಿತು. ಎರಡು ಕಡೆಯೂ ಮಗು ಬದುಕಿ ಬರಲಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಮಗುವೊಂದು ಜೀವಂತವಾಗಿ ಮೇಲೆ ಬಂದಾಗ ನಾಡೇ ಸಂತೋಷಪಟ್ಟಿತು. ಆದರೆ ಸರ್ವೋಚ್ಚ ನ್ಯಾಯಾಲಯವು 2010ರ ಫೆಬ್ರವರಿ 11ರಂದೇ ಇದಕ್ಕೆ ಮಾರ್ಗಸೂಚಿ ನೀಡಿತ್ತು: ಕೊರೆಯುವಾಗ ಸುತ್ತ ತಂತಿಬೇಲಿ, ಕೊಳವೆಯ ಬಾಯಿಗೆ ಭದ್ರವಾದ ಮುಚ್ಚಳ, ಕೈಬಿಟ್ಟ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು ಕಲ್ಲುಗಳಿಂದ ತುಂಬುವುದು. ರಕ್ಷಣಾ ಕಾರ್ಯಕ್ಕೆ ನೂರಾರು ಜನ ರಾತ್ರಿಯಿಡೀ ದುಡಿಯಬೇಕು. ಮುಚ್ಚಳ ಹಾಕಲು ಒಬ್ಬ ಸಾಕು.

ಕೃಷಿ ಹೊಂಡಗಳ ಕಥೆ ಇಷ್ಟು ದೊಡ್ಡ ಸುದ್ದಿಯಾಗುವುದಿಲ್ಲ. 2014ರಲ್ಲಿ ರಾಜ್ಯ ಸರ್ಕಾರ ಕೃಷಿಭಾಗ್ಯ ಯೋಜನೆ ಆರಂಭಿಸಿದ ಬಳಿಕ ಒಣಭೂಮಿಯಲ್ಲಿ ಇಂಥ ಹೊಂಡಗಳು ಹೆಚ್ಚಿದವು. ನೀರು ಇಂಗದಂತೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಕಾಲು ನಿಲ್ಲುವುದಿಲ್ಲ. ಇಳಿಜಾರಿನಲ್ಲಿ ಜಾರಿದ ಮಗುವಿಗೆ ಹಿಡಿಯಲು ಒಂದು ಬೇರೂ ಸಿಗುವುದಿಲ್ಲ; ಈಜು ಬಲ್ಲ ದೊಡ್ಡವರೇ ಮೇಲೇರಲಾರದೆ ಸೋಲುತ್ತಾರೆ. ಹೊಂಡದ ಸುತ್ತ ಬೇಲಿ, ಅಂಚಿನಿಂದ ನೀರಿನವರೆಗೆ ಇಳಿಬಿಟ್ಟು ಗೂಟಕ್ಕೆ ಬಿಗಿದ ಗಂಟುಹಗ್ಗ, ದಡದಲ್ಲಿ ಗಾಳಿ ತುಂಬಿದ ಹಳೆಯ ಟ್ಯೂಬು ಇಷ್ಟಿದ್ದರೆ ಸಾವು ತಪ್ಪೀತು.

ತಡೆ ವಿಫಲವಾದಾಗ ಏನು? ಇಲ್ಲಿಂದ ಚಿಕ್ಕಮಗಳೂರಿನ ಅಥವಾ ಶಿವಮೊಗ್ಗದ ದೊಡ್ಡ ಆಸ್ಪತ್ರೆ ತಲುಪಲು ಹೊತ್ತು ಹಿಡಿಯುತ್ತದೆ. 2008ರಿಂದ 108 ಆಂಬುಲೆನ್ಸ್ ಇದೆ; ಕರೆ ಮಾಡಿದ ಮೇಲೆ ಅದು ಬರುವವರೆಗಿನ ಹೊತ್ತು ಮಾತ್ರ ತಾಯಿಯದು, ಶಾಲೆಯ ಮೇಷ್ಟ್ರದು, ಆಶಾ ಕಾರ್ಯಕರ್ತೆಯದು. ಆ ಹೊತ್ತಿನಲ್ಲಿ ಮಾಡುವ ತಪ್ಪು ಒಂದು ಗಾಯವನ್ನು ಎರಡಾಗಿಸುತ್ತದೆ.

ಸುಟ್ಟಗಾಯಕ್ಕೆ ಟೂತ್‌ಪೇಸ್ಟ್, ಶಾಯಿ, ಅರಿಸಿನ, ಮಂಜುಗಡ್ಡೆ ಯಾವುದೂ ಬೇಡ. ಹರಿಯುವ ತಣ್ಣೀರನ್ನು 20 ನಿಮಿಷ ಬಿಡಬೇಕು. ಚರ್ಮದ ಒಳಪದರದಲ್ಲಿ ನಿಂತ ಶಾಖ ಇಳಿಯುವುದು ಆಗಲೇ. ಮಗುವಿನ ಉಳಿದ ಮೈಗೆ ಹೊದಿಕೆ ಹೊದಿಸಬೇಕು, ಬಳೆ ಉಡಿದಾರಗಳನ್ನು ಬಾವು ಬರುವ ಮೊದಲೇ ತೆಗೆಯಬೇಕು, ಗುಳ್ಳೆ ಒಡೆಯದೆ ಶುಭ್ರ ಬಟ್ಟೆ ಮುಚ್ಚಿ ಕರೆದೊಯ್ಯಬೇಕು. ಬೆರಳುಗಳೂ ಸೇರಿ ಮಗುವಿನ ಅಂಗೈ ಅದರ ಮೈಯ ಸುಮಾರು ಶೇ. 1 ಭಾಗ, ಸುಟ್ಟದ್ದು ಹತ್ತು ಅಂಗೈಗಳಷ್ಟಿದ್ದರೆ ಅಥವಾ ಮುಖ, ಕೈ, ಗುಪ್ತಾಂಗಗಳಲ್ಲಿದ್ದರೆ ದೊಡ್ಡ ಆಸ್ಪತ್ರೆಯೇ ಗತಿ.

ನೀರಿನಿಂದೆತ್ತಿದ ಮಗುವನ್ನು ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತುವುದು ಅಮೂಲ್ಯ ನಿಮಿಷಗಳನ್ನು ಕಳೆಯುತ್ತದೆ. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಐದು ಬಾರಿ ಉಸಿರು ಊದಬೇಕು. ಆಮೇಲೂ ಜೀವದ ಸುಳಿವಿಲ್ಲದಿದ್ದರೆ ಎದೆಯ ನಡುವೆ 30 ಸಲ ಒತ್ತುವುದು, ಎರಡು ಸಲ ಊದುವುದು, ಹೀಗೆ ನೆರವು ಬರುವವರೆಗೆ. ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸಬಾರದು. ಹೊಟ್ಟೆಯಲ್ಲಿರುವ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಬೆಳೆಗೆ ಹೊಡೆಯುವ ಔಷಧಿಯನ್ನು ತಂಪುಪಾನೀಯದ ಬಾಟಲಿಗೆ ಸುರಿದಿಡುವ ಅಭ್ಯಾಸವೇ ಅರ್ಧ ಅಪಾಯ. ಬಿದ್ದು ತಲೆಗೆ ಪೆಟ್ಟಾದ ಮಗು ಮತ್ತೆ ಮತ್ತೆ ವಾಂತಿ ಮಾಡಿದರೆ, ಎಬ್ಬಿಸಿದರೂ ಮಂಪರಾಗಿದ್ದರೆ ಕಾಯಬಾರದು.

ನಾಯಿ ಕಚ್ಚಿದ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಖಾರದಪುಡಿ ಹಚ್ಚಬಾರದು. ಚರ್ಮದೊಳಗೆ ಕೊಡುವ ಲಸಿಕೆ ಮೊದಲ ದಿನ, ಅಲ್ಲಿಂದ 3, 7 ಮತ್ತು 28ನೆಯ ದಿನ. ಗಾಯ ಆಳವಾಗಿದ್ದರೆ ಗಾಯದೊಳಕ್ಕೇ ಪ್ರತಿವಿಷ ಚುಚ್ಚುಮದ್ದೂ ಬೇಕು. ಹಾವು ಕಡಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಎಲ್ಲವೂ ಹಾನಿ. ಮುರಿದ ಮೂಳೆಗೆ ದಬ್ಬೆ ಕಟ್ಟುವಂತೆ ಕೈಕಾಲು ಅಲುಗದಂತಿರಿಸಿ ಮಗುವನ್ನು ಎತ್ತಿಕೊಂಡೇ ಒಯ್ಯಬೇಕು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ; ಕಡಿದದ್ದು ತಿಳಿಯುವುದೂ ಕಷ್ಟ. ಅಂಚನ್ನು ಹಾಸಿಗೆಯಡಿ ಸೇರಿಸಿ ಕಟ್ಟಿದ ಸೊಳ್ಳೆಪರದೆ ಅದನ್ನು ತಡೆಯುತ್ತದೆ. ಇನ್ನೊಂದು ಮಾತು: ಹಾವು ಮಗುವಿಗೆಂದು ಕಡಿಮೆ ವಿಷ ಬಿಡುವುದಿಲ್ಲ. ಆದ್ದರಿಂದ ಪ್ರತಿವಿಷದ ಪ್ರಮಾಣ ದೊಡ್ಡವರಿಗೂ ಮಗುವಿಗೂ ಒಂದೇ.

ಇಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಪಾತ್ರ ಸ್ಪಷ್ಟವಾಗುತ್ತದೆ. ಹಾವಿನ ಪ್ರತಿವಿಷ, ನಾಯಿ ಕಡಿತದ ಲಸಿಕೆ, ಧನುರ್ವಾಯು ಲಸಿಕೆ, ಆಮ್ಲಜನಕ, ಮಕ್ಕಳ ಮುಖಕ್ಕೆ ಹೊಂದುವ ಉಸಿರಾಟದ ಮುಖವಾಡ ಇವು ದಾಸ್ತಾನು ಪುಸ್ತಕದಲ್ಲಿದ್ದರೆ ಸಾಲದು; ರಾತ್ರಿ ಬೀಗದ ಕೈ ಯಾರ ಬಳಿ ಇದೆಯೆಂಬುದು ಊರಿಗೆ ಗೊತ್ತಿರಬೇಕು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಲೆಕ್ಕ ಸಿಕ್ಕರೆ ಔಷಧಿ ಎಲ್ಲಿಗೆ ಎಷ್ಟು ಬೇಕೆಂಬುದು ತಿಳಿಯುತ್ತದೆ. ಮುಳುಗುವಿಕೆಗೂ ಸುಟ್ಟಗಾಯಕ್ಕೂ ಇಂಥದೇ ಲೆಕ್ಕ ಬೇಕು. ಎಣಿಸದ ಮಗುವಿಗೆ ಯೋಜನೆ ಬರುವುದಿಲ್ಲ.

ಮುಳುಗುವಿಕೆ ತಡೆಯಲು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ದಾರಿಗಳಲ್ಲಿ ಬೇಲಿ, ಈಜಿನ ಕಲಿಕೆಗಳ ಜೊತೆಗೆ ಶಾಲೆಗೆ ಹೋಗದ ಪುಟ್ಟ ಮಕ್ಕಳನ್ನು ಹಗಲು ನೋಡಿಕೊಳ್ಳುವ ಕೇಂದ್ರವೂ ಒಂದು. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023-24ರಲ್ಲಿ ಪಂಚಾಯಿತಿ ಮಟ್ಟದಲ್ಲಿ ಆರಂಭಿಸಿದ ‘ಕೂಸಿನ ಮನೆ’ಯನ್ನು ನಾವು ಈ ಕಣ್ಣಿನಿಂದಲೂ ನೋಡಬೇಕು. ಅದು ಬರೀ ಊಟ, ಆಟದ ಜಾಗವಲ್ಲ. ಹೊಂಡಕ್ಕೂ ಮಗುವಿಗೂ ನಡುವೆ ನಿಂತ ಬೇಲಿ. ಅವ್ವ ಈರುಳ್ಳಿ ಕೀಳಲು ಹೋದಾಗ ಆರು ವರ್ಷದ ಅಕ್ಕ ಎರಡು ವರ್ಷದ ತಮ್ಮನನ್ನು ಕಾಯುವ ಮನೆಯಲ್ಲಿ ತಪ್ಪು ಅಕ್ಕನದೂ ಅಲ್ಲ, ಅವ್ವನದೂ ಅಲ್ಲ.

ಲೂಕನ ಶುಭಸಂದೇಶದ 10ನೆಯ ಅಧ್ಯಾಯದ ಸಮಾರಿಯದವನ ಸಾಮತಿಯನ್ನು ನಾವು ಮರುಕದ ಪಾಠವೆಂದೇ ಓದಿಕೊಂಡು ಬಂದಿದ್ದೇವೆ. ಅವನು ಮಾಡಿದ್ದನ್ನು ಅನುಕ್ರಮವಾಗಿ ನೋಡಿ: ಗಾಯ ಕಟ್ಟಿದ, ವಾಹನದ ಮೇಲೇರಿಸಿದ, ಛತ್ರಕ್ಕೆ ತಲುಪಿಸಿದ, ಮುಂದಿನ ಖರ್ಚಿಗೂ ಹೊಣೆಯಾದ. ಪ್ರಥಮ ಚಿಕಿತ್ಸೆ, ಸಾಗಾಟ, ಆರೈಕೆ, ವೆಚ್ಚ ನಾಲ್ಕೂ ಅಲ್ಲಿವೆ. ಕರ್ನಾಟಕ ಅದೇ ಸಮಾರಿಯನ ಹೆಸರಿನಲ್ಲಿ ಕಾನೂನು ಮಾಡಿದೆ. 2016ರಲ್ಲಿ ಶಾಸನಸಭೆ ಒಪ್ಪಿ, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಆ ಕಾಯಿದೆ ಗಾಯಾಳುವಿಗೆ ನೆರವಾದವರನ್ನು ಕೇಸು, ಕಿರುಕುಳಗಳಿಂದ ರಕ್ಷಿಸುತ್ತದೆ. ಪೊಲೀಸರ ಭಯದಿಂದ ರಸ್ತೆ ಬದಿಯ ಮಗುವನ್ನು ದಾಟಿ ಹೋಗಲು ಈಗ ನೆಪವಿಲ್ಲ.

ಚಿಕ್ಕಮಗಳೂರು ಧರ್ಮಪ್ರಾಂತ್ಯ 1963ರಲ್ಲಿ ಸ್ಥಾಪನೆಯಾದದ್ದು. ಈ ಬಯಲಿನಲ್ಲಿ ನಮ್ಮ ಸಂಖ್ಯೆ ಕಡಿಮೆ. ಆದರೆ ಈ ಕೆಲಸಕ್ಕೆ ಸಂಖ್ಯೆ ಬೇಡ. ವಿಶ್ವ ರೋಗಿಗಳ ದಿನದ ಬಲಿಪೂಜೆಯ ಬಳಿಕ ಧರ್ಮಕೇಂದ್ರದ ಅಂಗಳದಲ್ಲಿ ಒಂದು ಗಂಟೆ ದಾದಿಯೊಬ್ಬರಿಂದ ಪ್ರಥಮ ಚಿಕಿತ್ಸೆಯ ಪಾಠ ಹೇಳಿಸಬಹುದು. ಅದಕ್ಕೆ ಎಲ್ಲ ಮತದ ತಾಯಂದಿರನ್ನು ಕರೆಯಬಹುದು. ಯುವಕರು ಒಂದು ಭಾನುವಾರ ಹೊಲಗಳನ್ನು ಸುತ್ತಿ ಬಾಯ್ತೆರೆದ ಕೊಳವೆಬಾವಿಗಳನ್ನು ಪಟ್ಟಿಮಾಡಿ ಪಂಚಾಯಿತಿಗೆ ಬರೆದು ಕೊಡಬಹುದು. ಜಾತ್ರೆಯ ಬಯಲಿನಲ್ಲಿ ಒಂದು ಡ್ರಮ್ ತಣ್ಣೀರು, ಸೋಪು, ಶುಭ್ರ ಬಟ್ಟೆ ಇಟ್ಟುಕೊಂಡು ಇಬ್ಬರು ಕುಳಿತರೂ ಅದು ಸೇವೆಯೇ.

ಈ ಫೆಬ್ರವರಿಯಲ್ಲಿ ರೋಗಿಗಳಿಗಾಗಿ ಮೊಣಕಾಲೂರುವ ಮುನ್ನ ನಮ್ಮ ನಮ್ಮ ಹಿತ್ತಲನ್ನು ಒಮ್ಮೆ ಸುತ್ತಿ ಬರೋಣ. ಮುಚ್ಚಬೇಕಾದ ಬಾಯಿ, ಎತ್ತಿಡಬೇಕಾದ ಬಾಟಲಿ, ಹಾಕಬೇಕಾದ ಅಗುಳಿ ಒಂದಾದರೂ ಕಣ್ಣಿಗೆ ಬಿದ್ದೀತು.