ಬೆನ್ನ ಹಿಂದಿನ ದೀಪ

ಹೋದ ತಿಂಗಳು ಒಂದು ಶನಿವಾರ ಸಂಜೆ ನಾನು ನಡುರಸ್ತೆಯಲ್ಲಿ ಒಬ್ಬ ಯುವಕನಿಗೆ ಬೈದೆ. ಬೈದದ್ದು ತಪ್ಪೆಂದು ತಿಳಿಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಆ ವಿಷಯವನ್ನೇ ಈ ವಾರ ನಿಮಗೆ ಹೇಳಬೇಕೆಂದು ಕುಳಿತಿದ್ದೇನೆ.

ಮೊಮ್ಮಗಳನ್ನು ಸಂಗೀತದ ಪಾಠದಿಂದ ಕರೆದುಕೊಂಡು ಮನೆಗೆ ಬರುತ್ತಿದ್ದೆ. ಮೈಸೂರಿನ ನಮ್ಮ ಬಡಾವಣೆಯಲ್ಲಿ ಬೇರೆ ಏನಕ್ಕೆ ಬರವಿದ್ದರೂ ಹಂಪುಗಳಿಗೆ ಬರವಿಲ್ಲ. ಬಿಳಿ ಬಣ್ಣ ಅಳಿಸಿಹೋದ ಅಂಥದೊಂದು ಹಂಪು ಹತ್ತಿರ ಬಂದಮೇಲೆ ಕಂಡಿತು. ಬ್ರೇಕ್ ಒತ್ತಿದೆ. ಹಿಂದೆ ಕೀಚ್ ಎಂದು ಟೈರಿನ ಸದ್ದು, ಆಮೇಲೆ ಬಂಪರಿಗೆ ಏನೋ ತಾಕಿದ ಹಾಗಾಯಿತು. ಇಳಿದು ನೋಡಿದರೆ ಬೂದು ಬಣ್ಣದ ಒಂದು ಸ್ಕೂಟರು. ಸವಾರನ ಮುಂದೆ, ಕಾಲಿಡುವ ಜಾಗದಲ್ಲಿ, ನಾಲ್ಕೈದು ವರ್ಷದ ಹುಡುಗ ನಿಂತಿದ್ದ. ಪುಣ್ಯಕ್ಕೆ ಇಬ್ಬರೂ ಬಿದ್ದಿರಲಿಲ್ಲ. ಹುಡುಗ ಅಳಲೂ ಇಲ್ಲ. ಎರಡು ಕೈಯಲ್ಲೂ ಹ್ಯಾಂಡಲನ್ನು ಬಿಗಿಯಾಗಿ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದ.

“ಕಣ್ಣು ಕಾಣಲ್ವೇನ್ರೀ? ಮಗೂನ ಮುಂದೆ ನಿಲ್ಲಿಸ್ಕೊಂಡು ಹೀಗಾ ಗಾಡಿ ಓಡಿಸೋದು?” ಎಂದೆ. ಎದೆ ಹೊಡೆದುಕೊಳ್ಳುವಾಗ ಮನುಷ್ಯನಿಗೆ ಗಂಟಲು ತಾನಾಗಿ ಏರುತ್ತದೆ.

ಆತ ಸ್ಕೂಟರನ್ನು ಹಿಂದಕ್ಕೆಳೆದು, ಮಗುವಿನ ಮಂಡಿ ಸವರಿ ನೋಡಿ, ಆಮೇಲೆ ಹೇಳಿದ: “ಸರ್, ನಿಮ್ಮ ಬ್ರೇಕ್ ಲೈಟು ಎರಡೂ ಬರ್ತಾ ಇಲ್ಲ. ನೀವು ನಿಲ್ಸಿದ್ದೇ ಗೊತ್ತಾಗ್ಲಿಲ್ಲ.” ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಿದ್ದರೆ ನಾನೂ ಜಗಳಕ್ಕೆ ನಿಲ್ಲಬಹುದಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಆತ ಗಾಡಿ ತಿರುಗಿಸಿಕೊಂಡು ಹೊರಟುಹೋದ.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ. ನಾಲ್ಕು ತಿಂಗಳ ಹಿಂದೆಯೇ ಎದುರು ಮನೆಯ ಮೇಷ್ಟ್ರು, “ನಿಮ್ಮ ಕಾರಿನ ಎಡಗಡೆ ಬ್ರೇಕ್ ಲೈಟು ಹೋಗಿದೆ ಕಣ್ರೀ” ಎಂದು ಹೇಳಿದ್ದರು. ನಾನು “ನೋಡೋಣ” ಎಂದಿದ್ದೆ. ಬ್ಯಾಂಕಿನಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೆ ರಾತ್ರಿ ಒಂಬತ್ತರವರೆಗೂ ಲೆಡ್ಜರು ಹರಡಿಕೊಂಡು ಕೂತು, ಅದು ಸಿಕ್ಕಿದ ಮೇಲೆಯೇ ಮನೆಗೆ ಹೋಗುತ್ತಿದ್ದವನು ನಾನು. ಒಂದು ಬಲ್ಬಿನ ವಿಷಯದಲ್ಲಿ ನಾಲ್ಕು ತಿಂಗಳು “ನೋಡೋಣ” ಅಂದುಕೊಂಡೇ ಕಳೆದೆ. ಅಷ್ಟರಲ್ಲಿ ಬಲಗಡೆಯದೂ ಹೋಗಿತ್ತು. ಅದು ಯಾವತ್ತು ಹೋಯಿತೋ ದೇವರಿಗೇ ಗೊತ್ತು.

ಮುಂದಿನ ದೀಪ ಹೋದರೆ ರಸ್ತೆ ಕತ್ತಲಾಗುತ್ತದೆ, ಓಡಿಸುವವನಿಗೆ ತಕ್ಷಣ ತಿಳಿಯುತ್ತದೆ. ಹಾರ್ನು ಕೆಟ್ಟರೆ ಕಿವಿಗೆ ತಿಳಿಯುತ್ತದೆ. ಬ್ರೇಕ್ ಲೈಟು ಮಾತ್ರ ನಮ್ಮ ಬೆನ್ನ ಹಿಂದೆ ಇರುವುದು. ನಾವು ಉರಿಸುತ್ತೇವೆ, ನೋಡುವವರು ಬೇರೆಯವರು. ಅವರು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮನೆಯಲ್ಲಿ ಸುದ್ದಿ ತಿಳಿದ ಮೇಲೆ ಬೆಂಗಳೂರಿನಿಂದ ಮಗ ಫೋನು ಮಾಡಿದ. “ಅಪ್ಪಾ, ಇನ್ನು ಕಾರು ಓಡಿಸಿದ್ದು ಸಾಕು” ಎಂದ. ನನಗೀಗ ಎಪ್ಪತ್ತನಾಲ್ಕು. “ತಪ್ಪು ನನ್ನ ಕಣ್ಣಿನದಲ್ಲಪ್ಪ, ಬಲ್ಬಿನದು” ಎಂದೆ. ಹೇಳಿದ ಮೇಲೆ ಅದೂ ಪೂರ್ತಿ ನಿಜವಲ್ಲ ಅನ್ನಿಸಿತು. ಬಲ್ಬು ಸುಡುವುದು ಬಲ್ಬಿನ ಧರ್ಮ. ನೋಡಿ ಬದಲಿಸುವುದು ನನ್ನ ಕೆಲಸವಾಗಿತ್ತು.

ನಮ್ಮಾಕೆ ಗ್ಯಾರೇಜಿಗೆ ಬಿಡಿ ಅಂದಳು. ಗ್ಯಾರೇಜು ನಾಲ್ಕು ಕಿಲೋಮೀಟರು ದೂರ. ಬ್ರೇಕ್ ಲೈಟಿಲ್ಲದ ಕಾರನ್ನು ಬ್ರೇಕ್ ಲೈಟು ಹಾಕಿಸಲೆಂದು ಅಷ್ಟು ದೂರ ಓಡಿಸಬೇಕಲ್ಲ! ಹಾಗಾಗಿ ಭಾನುವಾರ ಬೆಳಿಗ್ಗೆ ಮನೆಯ ಮುಂದೆಯೇ ಕೆಲಸ ಶುರುವಾಯಿತು. ನಾನು ಬಿ.ಕಾಂ. ಓದಿದವನು, ಮೆಕ್ಯಾನಿಕ್ ಅಲ್ಲ. ಆರನೇ ತರಗತಿಯ ಮೊಮ್ಮಗಳು ಸಹಾಯಕಿ.

ಮೊದಲು ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಕೀಲಿ ತೆಗೆದು, ಚಕ್ರಕ್ಕೆ ಕಲ್ಲು ಕೊಟ್ಟೆವು. ಮಕ್ಕಳೇ, ಈ ಕಲ್ಲಿನ ವಿಷಯಕ್ಕೆ ನಗಬೇಡಿ. ಕಾರಿನ ಹಿಂದೆ ನಿಮ್ಮನ್ನು ನಿಲ್ಲಿಸುವ ಮೊದಲು ದೊಡ್ಡವರು ಕಲ್ಲಿಟ್ಟಿದ್ದಾರೆಯೇ ಎಂದು ನೀವೇ ನೋಡಿಕೊಳ್ಳಿ. ಇಟ್ಟಿದ್ದರೂ ನೇರ ಹಿಂದೆ ಬೇಡ, ಓರೆಯಾಗಿ ನಿಲ್ಲಿ.

ನಮ್ಮ ಹಳೆಯ ಕಾರಿನಲ್ಲಿ ಕೀಲಿ ತಿರುಗಿಸದೆಯೂ ಬ್ರೇಕ್ ಲೈಟು ಬರಬೇಕು. ನಾನು ಪೆಡಲು ಒತ್ತಿದೆ. “ಇಲ್ಲ ತಾತ, ಎರಡೂ ಇಲ್ಲ” ಎಂದಳು. ರಾತ್ರಿ ಹಾಕುವ ಪಾರ್ಕಿಂಗ್ ದೀಪದ ಸ್ವಿಚ್ಚು ಹಾಕಿದೆ. “ಎರಡೂ ಬಂತು!” ಎಂದಳು. “ಅದೇ ಬಲ್ಬು ಒಂದು ಸಲ ಉರಿಯುತ್ತೆ, ಇನ್ನೊಂದು ಸಲ ಉರಿಯಲ್ಲ. ಅದು ಹೇಗೆ?”

ಅವಳು ಕೇಳಿದ್ದು ಸರಿಯಾದ ಪ್ರಶ್ನೆಯೇ. ಒಂದೇ ಗಾಜಿನ ಬುರುಡೆಯೊಳಗೆ ಎರಡು ತಂತಿಗಳಿರುತ್ತವೆ. ಒಂದು 5 ವ್ಯಾಟಿನದು. ರಾತ್ರಿಯೆಲ್ಲ ಮಂದವಾಗಿ ಉರಿದು ‘ನಾನು ಇಲ್ಲಿದ್ದೇನೆ’ ಎನ್ನುತ್ತದೆ. ಇನ್ನೊಂದು 21 ವ್ಯಾಟಿನದು. ಬ್ರೇಕ್ ಒತ್ತಿದಾಗ ಮಾತ್ರ ಉರಿದು ‘ನಾನು ನಿಧಾನ ಮಾಡುತ್ತಿದ್ದೇನೆ’ ಎನ್ನುತ್ತದೆ. ಅಂದರೆ ನಾಲ್ಕು ಪಟ್ಟಿಗಿಂತ ಹೆಚ್ಚು. ಹಿಂದಿನವನಿಗೆ ವಿಷಯ ಗೊತ್ತಾಗುವುದು ಈ ವ್ಯತ್ಯಾಸದಿಂದಲೇ. ನಮ್ಮ ಬಲ್ಬುಗಳಲ್ಲಿ ದೊಡ್ಡ ತಂತಿಗಳು ಹೋಗಿ ಚಿಕ್ಕವು ಉಳಿದಿದ್ದವು. ರಾತ್ರಿ ಹೊತ್ತು ಹಿಂದೆ ಕೆಂಪು ದೀಪ ಉರಿಯುತ್ತಿದ್ದುದರಿಂದ ನಮಗೆ ಅನುಮಾನವೇ ಬಂದಿರಲಿಲ್ಲ.

ಎರಡೂ ಒಟ್ಟಿಗೆ ಬರದಿದ್ದರೆ ಮೊದಲು ನೋಡಬೇಕಾದ್ದು ಫ್ಯೂಸು. ಡ್ಯಾಶ್‌ಬೋರ್ಡಿನ ಕೆಳಗೆ ಅದರ ಪೆಟ್ಟಿಗೆ. ಯಾವ ಫ್ಯೂಸು ಯಾವುದಕ್ಕೆ ಎಂದು ಮುಚ್ಚಳದ ಮೇಲೆ ಚಿತ್ರವಿರುತ್ತದೆ. ಮೊಮ್ಮಗಳೇ ಹುಡುಕಿದಳು. ಅದರೊಳಗಿನ ತಂತಿ ನೆಟ್ಟಗಿತ್ತು. ಆಮೇಲಿನ ಅನುಮಾನ ಪೆಡಲಿನ ಬಳಿ ಇರುವ ಸಣ್ಣ ಸ್ವಿಚ್ಚಿನ ಮೇಲೆ. ಫ್ರಿಜ್ಜಿನ ಬಾಗಿಲು ತೆರೆದರೆ ಒಳಗಿನ ದೀಪ ಹತ್ತುತ್ತದಲ್ಲ, ಸುಮಾರಾಗಿ ಅದೇ ಉಪಾಯ: ಪೆಡಲು ತನ್ನ ಜಾಗದಲ್ಲಿರುವಾಗ ಸ್ವಿಚ್ಚಿನ ಗುಂಡಿ ಒತ್ತಿಕೊಂಡಿರುತ್ತದೆ, ಪೆಡಲು ಕೆಳಗೆ ಹೋದರೆ ಗುಂಡಿ ಹೊರಬಂದು ದೀಪ ಹತ್ತುತ್ತದೆ. ಆದರೆ ಮೇಷ್ಟ್ರು ಹೇಳಿದಾಗ ಒಂದು ದೀಪ ಮಾತ್ರ ಹೋಗಿತ್ತಲ್ಲ. ಸ್ವಿಚ್ಚು ಕೆಟ್ಟಿದ್ದರೆ ಎರಡೂ ಒಟ್ಟಿಗೆ ಹೋಗಬೇಕಿತ್ತು. ಆದ್ದರಿಂದ ಬಲ್ಬನ್ನೇ ಬಿಚ್ಚಿ ನೋಡುವುದೆಂದು ತೀರ್ಮಾನಿಸಿದೆವು.

ಕೆಲವು ಕಾರುಗಳಲ್ಲಿ ಹೊರಗಿನ ಕೆಂಪು ಗಾಜನ್ನು ಸ್ಕ್ರೂ ಬಿಚ್ಚಿ ತೆಗೆಯಬೇಕು. ನಮ್ಮದರಲ್ಲಿ ಡಿಕ್ಕಿಯ ಒಳಗಿನಿಂದ ಕೈ ಹಾಕಬೇಕು. ಮುಚ್ಚಿದ್ದ ಹಲಗೆಯ ಎರಡು ಸ್ಕ್ರೂ ಬಿಚ್ಚಿ, ಕಳೆಯಬಾರದೆಂದು ಒಂದು ಬಟ್ಟಲಲ್ಲಿ ಹಾಕಿದೆ. (ಅದು ಒಗ್ಗರಣೆಯ ಬಟ್ಟಲು ಎಂದು ಆಮೇಲೆ ತಿಳಿಯಿತು. ಬಹಳ ಚೆನ್ನಾಗಿ ತಿಳಿಯುವಂತೆ ಹೇಳಿದರು.) ಹೋಲ್ಡರನ್ನು ಎಡಕ್ಕೆ ಸ್ವಲ್ಪ ತಿರುಗಿಸಿದರೆ ಬಲ್ಬಿನ ಸಮೇತ ಹೊರಗೆ ಬರುತ್ತದೆ. ಆಮೇಲೆ ಬಲ್ಬನ್ನು ಬಟ್ಟೆಯಲ್ಲಿ ಹಿಡಿದು, ಮೆಲ್ಲಗೆ ಒತ್ತಿ, ಎಡಕ್ಕೆ ತಿರುಗಿಸಿ ಎಳೆಯಬೇಕು. ಮನೆಯ ಹಳೆಯ ಬಲ್ಬು ತೆಗೆದಿರುವ ಅಜ್ಜ ಅಜ್ಜಿಯರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಟ್ಟೆ ಏಕೆಂದರೆ, ಹಳೆಯ ಬಲ್ಬು ಹಿಡಿದುಕೊಂಡಿದ್ದರೆ ಗಾಜು ಕೈಯಲ್ಲೇ ಒಡೆಯಬಹುದು. ಈಗತಾನೇ ಉರಿದಿದ್ದರೆ ಸುಡಲೂಬಹುದು.

ಬಲ್ಬನ್ನು ಬೆಳಕಿಗೆ ಹಿಡಿದಳು ಮೊಮ್ಮಗಳು. ಕೂದಲಿನಷ್ಟು ತೆಳುವಾದ ತಂತಿ ನಡುವೆ ತುಂಡಾಗಿ ತೂಗಾಡುತ್ತಿತ್ತು. ಗಾಜಿನ ಒಳಗೆ ಹೊಗೆ ಹಿಡಿದ ಹಾಗೆ ಕಪ್ಪು. “ಇದೇನು ತಾತ, ಮಸಿ?” ಮಸಿಯಲ್ಲ. ಆ ತಂತಿ ಟಂಗ್‌ಸ್ಟನ್ ಎಂಬ ಲೋಹದ್ದು. ಕರಗಬೇಕಾದರೆ 3400 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಶಾಖ ಬೇಕು. ಹಾಗಿದ್ದರೂ ಪ್ರತಿ ಸಲ ಬೆಳ್ಳಗೆ ಕಾದಾಗ ಅದರ ಮೈಯಿಂದ ಸ್ವಲ್ಪ ಸ್ವಲ್ಪವೇ ಆವಿಯಾಗಿ ಗಾಜಿಗೆ ಅಂಟುತ್ತದೆ. ತಂತಿ ಸವೆದು ಸವೆದು, ಎಲ್ಲಿ ತೀರಾ ತೆಳುವಾಯಿತೋ ಅಲ್ಲಿ ಒಂದು ದಿನ ತುಂಡಾಗುತ್ತದೆ. ನಮ್ಮ ಊರಿನ ಪ್ರತಿ ಹಂಪಿಗೂ ಅದು ಒಮ್ಮೆ ಕಾದು ತಣ್ಣಗಾಗಿದೆ ಎಂದು ಯೋಚಿಸಿದರೆ ಇಷ್ಟು ದಿನ ಬಾಳಿದ್ದೇ ಹೆಚ್ಚು.

ಹಳೆಯ ಬಲ್ಬನ್ನೇ ಜೇಬಿನಲ್ಲಿಟ್ಟುಕೊಂಡು ನಡೆದೇ ಅಂಗಡಿಗೆ ಹೋದೆವು. ತೋರಿಸಿ ಕೇಳುವುದು ಎಲ್ಲಕ್ಕಿಂತ ಸುಲಭ. ಅದರ ತಳದ ಲೋಹದ ಮೇಲೆ 12 ವೋಲ್ಟ್, 21/5 ವ್ಯಾಟ್ ಎಂದು ಬರೆದಿರುತ್ತದೆ. ಅಂಗಡಿಯವರು ಎಲ್‌ಇಡಿ ಹಾಕಿ ಎಂದರು. ಅದು ಹತ್ತುವುದು ಬೇಗ, ನಿಜ. ತಂತಿಯ ಬಲ್ಬು ಕಾದು ಪೂರ್ತಿ ಬೆಳಗಲು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಹೊತ್ತು ಬೇಕು. ಗಂಟೆಗೆ 40 ಕಿಲೋಮೀಟರು ಓಡುವ ಗಾಡಿ ಸೆಕೆಂಡಿಗೆ 11 ಮೀಟರು ಹೋಗುತ್ತದೆ. ಐದನೆಯ ಒಂದು ಭಾಗವೆಂದರೆ ಎರಡು ಮೀಟರಿಗೂ ಹೆಚ್ಚು. ಆದರೆ ತಂತಿಯ ಬಲ್ಬಿಗೆಂದು ಮಾಡಿದ ಹಳೆಯ ದೀಪದೊಳಗೆ ಎಲ್ಲ ಎಲ್‌ಇಡಿಗಳೂ ಬೆಳಕನ್ನು ಸರಿಯಾಗಿ ಹರಡುವುದಿಲ್ಲ. ಇದ್ದದ್ದು ಇದ್ದ ಹಾಗೇ ಇರಲಿ ಎಂದು ಹಳೆಯ ಬಗೆಯದನ್ನೇ ಕೊಂಡೆ. ಎರಡಕ್ಕೆ 60 ರೂಪಾಯಿ.

ಮನೆಗೆ ಬರುವಾಗ ಮೊಮ್ಮಗಳು ಲೆಕ್ಕ ಹಾಕುತ್ತಲೇ ಇದ್ದಳು. ಹಿಂದಿನವನು ಮುಂದಿನ ಕಾರು ನಿಧಾನವಾದದ್ದನ್ನು ದೀಪವಿಲ್ಲದೆ ಕಂಡುಕೊಳ್ಳಲು ಒಂದು ಸೆಕೆಂಡು ತಡವಾದರೂ 11 ಮೀಟರು, ಅಂದರೆ ನಮ್ಮಂಥ ಚಿಕ್ಕ ಕಾರು ಮೂರು ನಿಲ್ಲುವಷ್ಟು ಜಾಗ. “ಆ ಅಂಕಲ್ ಚೆನ್ನಾಗೇ ಬ್ರೇಕ್ ಹಾಕಿದಾರೆ ಅಲ್ವಾ ತಾತ?” ಎಂದಳು. ಹೌದು ಎಂದೆ.

ಈಗ ನಾನು ಮಾಡಿದ ಎರಡನೆಯ ತಪ್ಪು. ಎಡಗಡೆಯ ಬಲ್ಬು ಸಲೀಸಾಗಿ ಕೂತಿತು. ಬಲಗಡೆಯದು ಕೂರಲೊಲ್ಲದು. ತುಸು ಜೋರು ಮಾಡಿ ತಿರುಗಿಸಿದೆ, ಕೂತಿತು. ಪಾರ್ಕಿಂಗ್ ದೀಪ ಹಾಕಿ ಕೇಳಿದರೆ, “ಎಡಗಡೆ ಚಿಕ್ಕ ಕೆಂಪು, ಬಲಗಡೆ ದೊಡ್ಡ ಕೆಂಪು” ಎಂದಳು. ಬ್ರೇಕ್ ಒತ್ತಿದರೆ ಎಡಗಡೆ ಜಗ್ಗೆಂದು ಬೆಳಗಿತಂತೆ, ಬಲಗಡೆ ಹೆಚ್ಚುಕಡಿಮೆ ಇದ್ದ ಹಾಗೇ ಇತ್ತಂತೆ. ಬಲ್ಬನ್ನು ಹೊರತೆಗೆದು ಕನ್ನಡಕ ಹಾಕಿಕೊಂಡು ನೋಡಿದೆ. ಬಲ್ಬಿನ ಎರಡು ಪಕ್ಕದಲ್ಲೂ ಸಣ್ಣ ಮೊಳೆಯಂಥ ಗುಬುಟುಗಳಿವೆ. ಒಂದು ಮೇಲೆ, ಒಂದು ಸ್ವಲ್ಪ ಕೆಳಗೆ. ಹೋಲ್ಡರಿನ ಕಚ್ಚುಗಳೂ ಹಾಗೆಯೇ ಏರುಪೇರು. ತಿರುಗಾಮುರುಗಾ ಹಾಕಬಾರದೆಂದೇ ಹಾಗೆ ಮಾಡಿರುವುದು. ನಾನು ಬಲ ಪ್ರಯೋಗಿಸಿ ತಿರುಗಾಮುರುಗಾ ಹಾಕಿದ್ದೆ. ಹಾಗಾಗಿ ಮಂದ ಉರಿಯಬೇಕಾದಾಗ ದೊಡ್ಡ ತಂತಿ ಉರಿಯುತ್ತಿತ್ತು. ರಾತ್ರಿ ಅದನ್ನು ನೋಡಿದವರಿಗೆ ನಾನು ಸದಾ ಬ್ರೇಕ್ ಒತ್ತಿಕೊಂಡೇ ಹೋಗುತ್ತಿರುವಂತೆ ಕಾಣುತ್ತಿತ್ತು; ನಿಜವಾಗಿ ಬ್ರೇಕ್ ಒತ್ತಿದಾಗ ಹೊಸದೇನೂ ಕಾಣುತ್ತಿರಲಿಲ್ಲ. ದೀಪವೇ ಇಲ್ಲದ್ದಕ್ಕಿಂತ ಇದೇನೂ ಉತ್ತಮವಲ್ಲ.

ಲೆಡ್ಜರಿನಲ್ಲಿ 54 ಬರೆಯುವ ಕಡೆ 45 ಬರೆದ ಹಾಗಾಯಿತು. ವ್ಯತ್ಯಾಸ 9ರಿಂದ ನಿಶ್ಶೇಷವಾಗಿ ಭಾಗವಾದರೆ ಅಂಕಿ ತಿರುಗಿಬಿದ್ದಿರಬಹುದು, ಮೊದಲು ಅದನ್ನು ಹುಡುಕಿ ಎನ್ನುತ್ತಿದ್ದರು ನಮ್ಮ ಹೆಡ್ ಕ್ಲರ್ಕು. ಮಕ್ಕಳೇ, ಬೇಕಾದರೆ ಯಾವ ಎರಡಂಕಿಯನ್ನಾದರೂ ತಿರುಗಿಸಿ ಕಳೆದು ನೋಡಿ. ಅವರು ಇನ್ನೊಂದನ್ನೂ ಮಾಡುತ್ತಿದ್ದರು: ನಾನು ಕೂಡಿದ್ದನ್ನು ನನ್ನ ಕೈಯಲ್ಲೇ ಪರೀಕ್ಷಿಸಲು ಬಿಡುತ್ತಿರಲಿಲ್ಲ. ಪಕ್ಕದ ಮೇಜಿನವನು ಟಿಕ್ ಹಾಕಬೇಕು. ಆಗ ಅದು ನನಗೆ ಅವಮಾನ ಅನ್ನಿಸುತ್ತಿತ್ತು.

ಹೋಲ್ಡರಿನ ತಳದಲ್ಲಿ ಹಸಿರು ಕಿಲುಬು ಕಂಡಿತು. ಒಂದು ಚೂರು ಉಪ್ಪುಕಾಗದದಿಂದ ಉಜ್ಜಿ, ಬಲ್ಬನ್ನು ಗುಬುಟು ನೋಡಿಕೊಂಡು ಕೂರಿಸಿದೆ. ಈ ಸಲ ಬೆರಳ ತುದಿಯಿಂದ ತಿರುಗಿಸಿದರೂ ಸಾಕಾಯಿತು. ಪೆಡಲು ಒತ್ತಿದೆ. “ಬಂತು ತಾತ! ಎರಡೂ ಬಂತು!” ಎದುರು ಮನೆಯ ಮೇಷ್ಟ್ರು ಗೇಟಿನ ಹತ್ತಿರ ನಿಂತಿದ್ದವರು ಕೈ ಎತ್ತಿ ತೋರಿಸಿದರು. ನಾಲ್ಕು ತಿಂಗಳ ಹಿಂದೆ ತಾವು ಹೇಳಿದ್ದರ ಸುದ್ದಿಯನ್ನು ಅವರು ಎತ್ತಲಿಲ್ಲ.

ಸಂಜೆ ಅದೇ ಕಾರಿನಲ್ಲಿ ಅರಮನೆಯ ದೀಪ ನೋಡಲು ಹೋದೆವು. ಏಳು ಗಂಟೆಗೆ ಲಕ್ಷದ ಹತ್ತಿರ ಬಲ್ಬುಗಳು ಒಟ್ಟಿಗೆ ಹತ್ತಿದಾಗ ಜನರೆಲ್ಲ ‘ಹೋ’ ಎಂದರು. ಮೊಮ್ಮಗಳು ಸ್ವಲ್ಪ ಹೊತ್ತು ನೋಡಿ, “ಅಲ್ಲಿ ಒಂದು ಹೋದರೆ ಯಾರಿಗೂ ಗೊತ್ತಾಗಲ್ಲ. ನಮ್ಮದರಲ್ಲಿ ಇರೋದೇ ಎರಡು” ಎಂದಳು.

ಈಗ ಭಾನುವಾರ ಬೆಳಿಗ್ಗೆ ಕಾರು ಒರೆಸಿದ ಮೇಲೆ ಅವಳು ಓರೆಯಾಗಿ ನಿಂತು ನೋಡಿ ಹೇಳುತ್ತಾಳೆ, ನಾನು ಡೈರಿಯಲ್ಲಿ ತಾರೀಕು ಬರೆದು ಅವಳ ಕೈಯಲ್ಲಿ ಟಿಕ್ ಹಾಕಿಸುತ್ತೇನೆ. ಅವಳು ಇಲ್ಲದ ದಿನ ಕತ್ತಲಾಗುವ ಹೊತ್ತಿಗೆ ಕಾರಿನ ಹಿಂಭಾಗವನ್ನು ಕಾಂಪೌಂಡ್ ಗೋಡೆಗೆ ತಿರುಗಿಸಿ ನಿಲ್ಲಿಸಿ ಬ್ರೇಕ್ ಒತ್ತಿದರೆ, ಗೋಡೆಯ ಮೇಲೆ ಎರಡು ಕೆಂಪು ಬೀಳುವುದು ಕನ್ನಡಿಯಲ್ಲಿ ಕಾಣುತ್ತದೆ. ಸುಟ್ಟ ಬಲ್ಬುಗಳಲ್ಲಿ ಒಂದನ್ನು ಅವಳು ಹತ್ತಿಯಲ್ಲಿ ಸುತ್ತಿ ಶಾಲೆಗೆ ಒಯ್ದು ವಿಜ್ಞಾನದ ಮೇಡಮ್ಮಿಗೆ ಕೊಟ್ಟಳು.

ಕಾರು ಓಡಿಸುವ ಮಾತು ಮಗನೊಂದಿಗೆ ಇನ್ನೂ ಮುಗಿದಿಲ್ಲ. ಅವನು ಹೇಳುವುದರಲ್ಲೂ ಅರ್ಥವಿದೆ. ಸದ್ಯಕ್ಕೆ ಕತ್ತಲಾದ ಮೇಲೆ ದೂರ ಹೋಗುವುದಿಲ್ಲ ಎಂದು ಒಪ್ಪಿಕೊಂಡಿದ್ದೇನೆ. ಸಂಗೀತದ ಪಾಠಕ್ಕೆ ಮಾತ್ರ ನಾನೇ ಬಿಡುತ್ತೇನೆ. ಆ ಹಂಪಿನ ಹತ್ತಿರ ಬಂದಾಗಲೆಲ್ಲ ಬ್ರೇಕಿನ ಮೇಲೆ ಬೇಗನೆ ಕಾಲಿಟ್ಟು ಕನ್ನಡಿ ನೋಡುತ್ತೇನೆ. ಬೂದು ಬಣ್ಣದ ಸ್ಕೂಟರು ಬಂದರೆ, ಮುಂದೆ ಒಬ್ಬ ಹುಡುಗ ನಿಂತಿದ್ದಾನೆಯೇ ಎಂದು ಹುಡುಕುತ್ತೇನೆ. ಒಂದು ಮಾತು ಹೇಳುವುದಿದೆ. ನಾಲ್ಕು ಶನಿವಾರವಾಯಿತು, ಇನ್ನೂ ಸಿಕ್ಕಿಲ್ಲ.