ಜಟ್ಟಿಯ ಬೆನ್ನು

ವೃತ್ತಿಕುಸ್ತಿಯ ಹೆಸರೆತ್ತಿದರೆ ಮೂಗು ಮುರಿಯುವುದು ವಿದ್ಯಾವಂತರಲ್ಲಿ ಒಂದು ಶಿಷ್ಟಾಚಾರವೇ ಆಗಿಬಿಟ್ಟಿದೆ. ‘ಅದೆಲ್ಲ ಮೊದಲೇ ಮಾತಾಡಿಕೊಂಡು ಆಡುವ ಆಟವಂತಲ್ಲ!’ ಎಂದು ಒಮ್ಮೆ ಅಂದುಬಿಟ್ಟರೆ ಸರಿ, ಆ ವಿಷಯದಲ್ಲಿ ತಿಳಿಯಬೇಕಾದದ್ದು ಇನ್ನೇನೂ ಉಳಿಯಲಿಲ್ಲವೆಂಬ ಸಮಾಧಾನ. ಹೀಗೆನ್ನುವ ಮಹನೀಯರೇ ಕರಾವಳಿಯ ಕಡೆ ಹೋದಾಗ ಗದಾಪರ್ವದ ಪ್ರಸಂಗಕ್ಕೆ ಬೆಳಗಿನ ಜಾವದವರೆಗೂ ನಿದ್ದೆಗೆಟ್ಟು ಕೂರುತ್ತಾರೆ. ಕೌರವನ ತೊಡೆ ಮುರಿಯುತ್ತದೆಂಬುದು ಅವರಿಗೂ ಗೊತ್ತು, ಭಾಗವತರಿಗೂ ಗೊತ್ತು, ಚೆಂಡೆಯವನಿಗೂ ಗೊತ್ತು. ಕೌರವನ ವೇಷದವನಿಗಂತೂ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವಾಗಲೇ ಗೊತ್ತು. ರನ್ನನ ಗದಾಯುದ್ಧವನ್ನು ಪಾಠ ಹೇಳುವಾಗ ‘ಕೊನೆ ತಿಳಿದೇ ಇದೆಯಲ್ಲ, ಇನ್ನೇಕೆ ಓದಬೇಕು?’ ಎಂದು ಕೇಳಿದ ವಿದ್ಯಾರ್ಥಿಯನ್ನು ನಾನು ಈವರೆಗೆ ಕಂಡಿಲ್ಲ. ನಮ್ಮ ನುಡಿಯಲ್ಲಿ ಮೈದಾನದ ಪಂದ್ಯವೂ ಆಟ, ಬಯಲಿನ ನಾಟಕವೂ ಆಟ. ಎರಡಕ್ಕೂ ಒಂದೇ ಹೆಸರಿಟ್ಟ ಹಿರಿಯರು ನಮಗಿಂತ ಉದಾರಿಗಳಾಗಿದ್ದರೆಂದು ತೋರುತ್ತದೆ.

ಫ್ರೆಂಚ್ ವಿಮರ್ಶಕ ರೊಲಾಂ ಬಾರ್ತ್ ೧೯೫೭ರಲ್ಲಿ ಪ್ರಕಟವಾದ ತನ್ನ ‘ಮಿಥಾಲಜೀಸ್’ ಗ್ರಂಥದ ಮೊದಲ ಪ್ರಬಂಧದಲ್ಲಿಯೇ ಈ ವಾದವನ್ನು ಹೂಡಿದ್ದಾನೆ. ಕುಸ್ತಿ ಒಂದು ಪ್ರದರ್ಶನ, ಪ್ರಾಚೀನ ರಂಗಭೂಮಿಯ ಬಂಧು. ಕಾದಾಟ ನಿಜವೋ ಅಲ್ಲವೋ ಎಂಬ ಗೊಡವೆ ಪ್ರೇಕ್ಷಕನಿಗಿಲ್ಲ ಎಂಬುದು ಅವನ ಅಭಿಪ್ರಾಯ. ಪ್ರೇಕ್ಷಕನ ಮಟ್ಟಿಗೆ ಇದನ್ನು ಒಪ್ಪಬಹುದು. ಆದರೆ ಬಾರ್ತ್ ಕುಳಿತದ್ದು ಪ್ರೇಕ್ಷಕರ ಸಾಲಿನಲ್ಲಿ. ಕಣದೊಳಗೆ ಬೆನ್ನನ್ನು ನೆಲಕ್ಕೆ ಕೊಡಬೇಕಾದ ಮನುಷ್ಯನಿಗೂ ಆ ಗೊಡವೆ ಇಲ್ಲವೆ? ವೃತ್ತಿಕುಸ್ತಿಯ ಇತಿಹಾಸದಲ್ಲಿ ನೆನಪಿನಲ್ಲಿ ಉಳಿದ ಪಟ್ಟದ ಪಂದ್ಯಗಳನ್ನು ನೋಡಿದರೆ, ಮಾತಾಡಿಕೊಂಡ ಆಟವೂ ಮೈಯೊಳಗಿನ ನಿಜವೂ ಒಂದನ್ನೊಂದು ಹಾಯ್ದ ಗಳಿಗೆಗಳೇ ಅಲ್ಲಿ ಮುಖ್ಯವಾಗಿವೆ ಎಂದು ನನಗೆ ಅನ್ನಿಸುತ್ತದೆ. ಇದಕ್ಕೆ ಹತ್ತಾರು ಜಟ್ಟಿಗಳನ್ನು ಸಾಕ್ಷಿಗೆ ಕರೆಯಬೇಕಾಗಿಲ್ಲ. ಒಬ್ಬನೇ ಸಾಕು.

ಆತನ ಹೆಸರು ಸ್ಟಾನಿಸ್ಲಾಸ್ ಜಿಬಿಸ್ಕೋ. ಪೋಲೆಂಡಿನವರ ಉಚ್ಚಾರಣೆ ಬೇರೆ ಇದ್ದೀತು. ನಮ್ಮ ನಾಲಗೆಗೆ ಇಷ್ಟೇ ಒಗ್ಗುವುದು. ಭಾರತದಲ್ಲಿ ಅವನ ಹೆಸರು ಕೇಳಿಬರುವುದು ಗಾಮನ ಕಥೆಯ ಬಾಲವಾಗಿ ಮಾತ್ರ: ಲಂಡನ್ನಿನಲ್ಲಿ ಗಾಮನಿಗೆ ಹೆದರಿ ಬೋರಲು ಮಲಗಿದವನು ಎಂದು. ಅವನಿಗೆ ಅನ್ಯಾಯವಾಗಿದೆಯೆಂದು ಹೇಳುವುದು ಈ ಲೇಖನದ ಉದ್ದೇಶಗಳಲ್ಲೊಂದು.

ಅವನ ಕಾಲದಲ್ಲಿ ಪಟ್ಟದ ಕುಸ್ತಿಯೆಂದರೆ ತಾಸುಗಟ್ಟಲೆಯ ಕೆಲಸ. ೧೯೦೮ರ ಏಪ್ರಿಲಿನಲ್ಲಿ ಷಿಕಾಗೋದಲ್ಲಿ ಅಮೆರಿಕದ ಫ್ರಾಂಕ್ ಗಾಚ್, ‘ರಷ್ಯದ ಸಿಂಹ’ವೆನಿಸಿದ್ದ ಜಾರ್ಜ್ ಹ್ಯಾಕೆನ್‌ಷ್ಮಿಟ್‌ನನ್ನು ಎರಡು ಗಂಟೆಗಳ ಕಾಲ ಸತಾಯಿಸಿ ಸೋಲೊಪ್ಪಿಸಿದ. ಎದುರಾಳಿ ಮೈಗೆ ಎಣ್ಣೆ ಬಳಿದುಕೊಂಡಿದ್ದ, ಉಗುರು ಹಾಕಿದ ಎಂದು ಸೋತವನು ದೂರಿದ. ೧೯೧೧ರ ಸೆಪ್ಟೆಂಬರಿನಲ್ಲಿ ಅದೇ ಊರಿನ ಕೊಮಿಸ್ಕಿ ಪಾರ್ಕಿನಲ್ಲಿ ಮರುಪಂದ್ಯ. ಮೂವತ್ತು ಸಾವಿರದಷ್ಟು ಜನ ಸೇರಿದ್ದರು. ಮೊಣಕಾಲಿನ ಪೆಟ್ಟಿನೊಡನೆ ಕಣಕ್ಕಿಳಿದ ಹ್ಯಾಕೆನ್‌ಷ್ಮಿಟ್ ಎರಡು ಸುತ್ತುಗಳಲ್ಲಿಯೂ ಬೇಗನೆ ಬಿದ್ದ. (ಆಮೇಲೆ ಆತ ಕುಸ್ತಿಯನ್ನು ಬಿಟ್ಟು ತತ್ತ್ವಶಾಸ್ತ್ರದ ಗ್ರಂಥಗಳನ್ನು ಬರೆದನೆಂಬುದನ್ನು ತತ್ತ್ವಶಾಸ್ತ್ರದ ಅಧ್ಯಾಪಕರು ಗಮನಿಸಬೇಕು.)

ಈ ಎರಡು ಪಂದ್ಯಗಳ ನಡುವೆ, ೧೯೧೦ರ ಜೂನ್ ಒಂದರಂದು, ಗಾಚ್‌ನೊಡನೆ ಪಟ್ಟಕ್ಕಾಗಿ ಸೆಣಸಲು ಜಿಬಿಸ್ಕೋ ಷಿಕಾಗೋಗೆ ಹೋಗಿದ್ದ. ಗಂಟೆ ಬಾರಿಸಿತು. ವಾಡಿಕೆಯಂತೆ ಕೈಕುಲುಕಲೆಂದು ಜಿಬಿಸ್ಕೋ ಕೈ ಚಾಚಿದ. ಗಾಚ್ ಆ ಕೈಯನ್ನು ಮುಟ್ಟದೆ ಕಾಲಿಗೆ ನುಗ್ಗಿ ಅವನನ್ನು ಕೆಡವಿ ಚಿತ್ ಮಾಡಿಬಿಟ್ಟ. ಏಳು ಸೆಕೆಂಡು ಕೂಡ ಆಗಿರಲಿಲ್ಲ. ಎರಡನೆಯ ಸುತ್ತು ಅರ್ಧ ಗಂಟೆಯ ಹತ್ತಿರ ನಡೆಯಿತಾದರೂ ಫಲ ಬದಲಾಗಲಿಲ್ಲ. ಸೌಜನ್ಯಕ್ಕೆ ಕೊಟ್ಟ ಬೆಲೆ ಅಷ್ಟಾಯಿತು.

ಮೂರು ತಿಂಗಳ ಅನಂತರ ಲಂಡನ್. ಅಮೃತಸರದ ಕಡೆಯ ಗಾಮ ತನ್ನ ತಮ್ಮ ಇಮಾಂ ಬಕ್ಷನೊಡನೆ ಆ ವರ್ಷ ಇಂಗ್ಲೆಂಡಿಗೆ ಬಂದಿದ್ದ. ಬಂಗಾಳದ ಧನಿಕ ಶರತ್‌ಕುಮಾರ ಮಿತ್ರರು ಅದರ ವೆಚ್ಚ ಹೊತ್ತಿದ್ದರು. ಐದಡಿ ಏಳಂಗುಲದ ಆಳೆಂದು ಅಲ್ಲಿಯವರು ಮೊದಲು ಅವನನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಅಮೆರಿಕದ ವೈದ್ಯಜಟ್ಟಿ ಬೆಂಜಮಿನ್ ರೋಲರ್‌ನನ್ನು ಗಾಮ ಹಣ್ಣುಮಾಡಿದ ಮೇಲೆ ಲೆಕ್ಕಕ್ಕೆ ಹಿಡಿದರು. ಸೆಪ್ಟೆಂಬರ್ ಹತ್ತರಂದು, ೧೯೦೮ರ ಒಲಿಂಪಿಕ್ಸ್ ನಡೆದಿದ್ದ ವೈಟ್ ಸಿಟಿ ಮೈದಾನದಲ್ಲಿ, ಜಾನ್ ಬುಲ್ ಪಟ್ಟಿಗೂ ೨೫೦ ಪೌಂಡು ಬಹುಮಾನಕ್ಕೂ ಗಾಮನೂ ಜಿಬಿಸ್ಕೋನೂ ಎದುರುಬದುರಾದರು.

ಒಂದು ನಿಮಿಷದೊಳಗೆ ಗಾಮ ಅವನನ್ನು ಕೆಡವಿದ. ಕೆಡವಿದ್ದಷ್ಟೆ. ಜಿಬಿಸ್ಕೋ ಬೋರಲಾಗಿ, ಚಾಪೆಗೆ ಎದೆಯೊತ್ತಿಕೊಂಡು ಮಲಗಿದವನು ಏಳಲೂ ಇಲ್ಲ, ಮಗುಚಲೂ ಇಲ್ಲ. ಎರಡು ಭುಜಗಳು ನೆಲಕ್ಕೆ ತಾಗಿದರೆ ತಾನೆ ಸೋಲು? ಗಾಮ ಗರಡಿಯಲ್ಲಿ ಕಲಿತ ಪಟ್ಟುಗಳನ್ನೆಲ್ಲ ಹಾಕಿ ನೋಡಿದ. ಮಣ್ಣಿನ ಅಖಾಡದಲ್ಲಿ ಬೆಳೆದವನಿಗೆ ಚಾಪೆಯ ಮೇಲೆ ಬಂಡೆಯಂತೆ ಬಿದ್ದ ದೇಹವನ್ನು ಮಗುಚುವುದು ಸಾಧ್ಯವಾಗಲಿಲ್ಲ. ಅರ್ಧ ಗಂಟೆ ಕಳೆಯಿತು, ಒಂದು ಗಂಟೆ ಕಳೆಯಿತು, ಎರಡು ಕಳೆಯಿತು. ಎರಡೂವರೆ ಗಂಟೆಗೂ ಮಿಕ್ಕು ನಡೆದ ಈ ವಿಚಿತ್ರ ಯುದ್ಧವನ್ನು ಕೊನೆಗೆ ಸಮಸಮವೆಂದು ನಿಲ್ಲಿಸಿದರು. ವಾರದ ಅನಂತರ ಗೊತ್ತುಪಡಿಸಿದ್ದ ಮರುಪಂದ್ಯಕ್ಕೆ ಜಿಬಿಸ್ಕೋ ಬರಲೇ ಇಲ್ಲ. ಪಟ್ಟಿ ಗಾಮನದಾಯಿತು.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ಬಲ್ಲ ನಾವು ಇದನ್ನು ಓದಿ ನಗುವುದು ಸಹಜ. ಗಾದೆಯ ಜಟ್ಟಿಗೆ ಮೀಸೆಯ ಚಿಂತೆ. ಇವನು ಮೀಸೆ, ಮೂಗು, ಮರ್ಯಾದೆ ಎಲ್ಲವನ್ನೂ ಚಾಪೆಗೆ ಕೊಟ್ಟು ಬೆನ್ನೊಂದನ್ನು ಉಳಿಸಿಕೊಂಡ. ಆದರೆ ಕೈ ಚಾಚಿದ ತಪ್ಪಿಗೆ ಏಳು ಸೆಕೆಂಡಿನಲ್ಲಿ ಚಿತ್ ಆದವನು ಮೂರು ತಿಂಗಳಲ್ಲಿ ಅದನ್ನು ಮರೆತಾನೆಯೆ? ಲಂಡನ್ನಿನ ಆ ಎರಡೂವರೆ ಗಂಟೆಯಲ್ಲಿ ನನಗೆ ಕಾಣುವುದು ಷಿಕಾಗೋದ ಆ ಏಳು ಸೆಕೆಂಡು. ಇನ್ನೂ ಒಂದು ಮಾತಿದೆ. ಅಂದಿನ ಕುಸ್ತಿ ಮಾತಾಡಿಕೊಂಡ ಕುಸ್ತಿಯಾಗಿದ್ದರೆ ಎರಡೂವರೆ ಗಂಟೆ ಬೋರಲು ಮಲಗುವ ದೃಶ್ಯವನ್ನು ಯಾವ ಮೂರ್ಖನೂ ಬರೆದುಕೊಡುತ್ತಿರಲಿಲ್ಲ. ಅಷ್ಟು ಬೇಸರದ ಪಂದ್ಯ ನಿಜವಾಗಿಯೇ ಇರಬೇಕು.

ಕುಸ್ತಿಯ ವ್ಯಾಪಾರಿಗಳು ಕಲಿತದ್ದೂ ಇದೇ ಪಾಠವನ್ನು: ನಿಜವಾದ ಕುಸ್ತಿ ಜನಕ್ಕೆ ಬೇಸರ ತರಿಸಬಲ್ಲುದು. ಇದು ಹೊಸ ಕಷ್ಟವೇನೂ ಅಲ್ಲವೆನ್ನಿ. ಹನ್ನೆರಡನೆಯ ಶತಮಾನದಲ್ಲಿ ನಮ್ಮ ಕಲ್ಯಾಣದ ಅರಸ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಮಲ್ಲರ ಅಂತಸ್ತು, ಅವರ ಆಹಾರ, ಸಾಧನೆ ಎಲ್ಲವನ್ನೂ ವಿವರಿಸಿರುವುದು ಯುದ್ಧದ ಪ್ರಕರಣದಲ್ಲಲ್ಲ, ವಿನೋದಗಳ ಸಾಲಿನಲ್ಲಿ. ‘ಮಲ್ಲವಿನೋದ’ವೆಂದೇ ಅದರ ಹೆಸರು. ಅರಸನು ಅನ್ನ ಹಾಕುತ್ತಿದ್ದಾಗ ಅರಸನಿಗೆ ವಿನೋದವಾಗಬೇಕಿತ್ತು. ಟಿಕೆಟ್ಟು ಕೊಂಡ ಜನ ಅನ್ನ ಹಾಕುವಾಗ ಜನಕ್ಕೆ ವಿನೋದವಾಗಬೇಕು. ೧೯೨೦ರ ದಶಕದಲ್ಲಿ ಅಮೆರಿಕದ ಮೂವರು, ಅಂದರೆ ಪಟ್ಟದ ಜಟ್ಟಿ ಎಡ್ ಲೂಯಿಸ್, ಅವನ ವ್ಯವಸ್ಥಾಪಕ ಬಿಲಿ ಸ್ಯಾಂಡೋ, ಯೋಜನೆಗಾರ ಟೂಟ್ಸ್ ಮಾಂಟ್, ಕುಸ್ತಿಯನ್ನು ನಾಟಕ ಕಂಪನಿಯಂತೆ ಊರಿಂದೂರಿಗೆ ಸಾಗಿಸಿದರು. ಪಂದ್ಯಕ್ಕೆ ಕಾಲಮಿತಿ ಬಂತು, ಎತ್ತಿ ಒಗೆಯುವ ರಭಸ ಬಂತು, ಯಾರು ಗೆಲ್ಲಬೇಕೆಂಬ ತೀರ್ಮಾನವೂ ಮೊದಲೇ ಬಂತು. ಪಂಜಾಬಿನ ಕಡೆ ಇಂಥದಕ್ಕೆ ‘ನೂರಾ ಕುಸ್ತಿ’ ಎಂಬ ಹೆಸರೇ ಇದೆ.

ಈ ಮೂವರು ವೇಯ್ನ್ ಮನ್ ಎಂಬ ಆರೂವರೆ ಅಡಿಯ ಫುಟ್‌ಬಾಲ್ ಆಟಗಾರನನ್ನು ಕರೆತಂದರು. ನೋಡಲು ಭವ್ಯ ಆಳು. ಕುಸ್ತಿ ಮಾತ್ರ ಬಾರದು. ೧೯೨೫ರ ಜನವರಿಯಲ್ಲಿ ಲೂಯಿಸ್ ತಾನೇ ಅವನಿಗೆ ಸೋತು ಜಗತ್ಪಟ್ಟವನ್ನು ಒಪ್ಪಿಸಿದ. ಹೊಸ ರಾಜನ ಪ್ರತಾಪವನ್ನು ಮೆರೆಸಲು ಹಳೆಯ ಹೆಸರುಗಳು ಅವನ ಮುಂದೆ ಬೀಳಬೇಕಿತ್ತು. ಏಪ್ರಿಲ್ ಹದಿನೈದರಂದು ಫಿಲಡೆಲ್ಫಿಯದಲ್ಲಿ ಬೀಳಬೇಕಾಗಿದ್ದವನು ಜಿಬಿಸ್ಕೋ. ನಲವತ್ತೈದರ ಆಸುಪಾಸಿನ, ಕೂದಲುದುರಿದ, ದಪ್ಪ ಕುತ್ತಿಗೆಯ ಮುದಿಜಟ್ಟಿ. ಆತ ಬೀಳಲಿಲ್ಲ. ಕಣಕ್ಕಿಳಿದು ನಿಜವಾದ ಕುಸ್ತಿಯನ್ನೇ ಮಾಡಿಬಿಟ್ಟ! ಪಾಪ, ಮನ್‌ಗೆ ಏನು ನಡೆಯುತ್ತಿದೆಯೆಂದು ಹೊಳೆಯುವಷ್ಟರಲ್ಲಿ ಅವನ ಭುಜಗಳು ಮತ್ತೆ ಮತ್ತೆ ಚಾಪೆಗೆ ತಾಗುತ್ತಿದ್ದವು. ಸಾವಿರಾರು ಜನರ ಕಣ್ಣೆದುರಿಗೆ ನಡೆದುದನ್ನು ಇಲ್ಲವೆನ್ನುವಂತಿರಲಿಲ್ಲ. ಪಟ್ಟ ಜಿಬಿಸ್ಕೋನದಾಯಿತು.

ಇಲ್ಲಿಗೆ ಕಥೆ ನಿಂತಿದ್ದರೆ ಸತ್ಯವೇ ಗೆದ್ದಿತೆಂದು ಬರೆದು ಕೈತೊಳೆದುಕೊಳ್ಳಬಹುದಾಗಿತ್ತು. ನಿಲ್ಲಲಿಲ್ಲ. ಜಿಬಿಸ್ಕೋನನ್ನು ಎದುರು ಪಾಳೆಯದ ವ್ಯಾಪಾರಿಗಳು ಮೊದಲೇ ಒಳಗೆ ಹಾಕಿಕೊಂಡಿದ್ದರು. ಮೇ ಮೂವತ್ತರಂದು ಸೇಂಟ್ ಲೂಯಿಯಲ್ಲಿ ಆತ ಆ ಪಾಳೆಯದ ಜೋ ಸ್ಟೆಕರ್‌ಗೆ ಮಾತಿನಂತೆ ಸೋತು ಪಟ್ಟವನ್ನು ದಾಟಿಸಿದ. ಒಂದು ಕಡೆಯ ಮಾತನ್ನು ಮುರಿದದ್ದು ಇನ್ನೊಂದು ಕಡೆಯ ಮಾತನ್ನು ಉಳಿಸಲು. ಹಾಗಾದರೆ ಫಿಲಡೆಲ್ಫಿಯದಲ್ಲಿ ನಡೆದದ್ದು ದ್ರೋಹವೆ, ಸತ್ಯವೆ? ಎರಡೂ ಎಂದೇ ನನ್ನ ಉತ್ತರ. ಹಣಕ್ಕಾಗಿ ಮಾತು ತಪ್ಪಿದ, ನಿಜ. ಆದರೆ ಹಾಗೆ ತಪ್ಪಲು ಬೇಕಾದ ವಿದ್ಯೆ ಅವನ ಮೈಯಲ್ಲಿತ್ತು; ಆ ವಿದ್ಯೆಯನ್ನು ಹಣ ಕೊಟ್ಟು ತಂದದ್ದಲ್ಲ. ಕುಸ್ತಿ ಬಾರದವನು ಕುಸ್ತಿಯ ಚಕ್ರವರ್ತಿಯಾಗಿದ್ದಾನೆಂಬ ಸುಳ್ಳನ್ನು ಒಬ್ಬ ಸುಳ್ಳುಗಾರನೇ ಬಯಲಿಗೆಳೆದ. ಭೀಮನ ಗದೆ ತೊಡೆಗೆ ಬಿದ್ದಾಗ ಬಲರಾಮ ಕೆರಳಿದ್ದು ಸೋಲಿಗಲ್ಲ, ನಿಯಮ ಮುರಿದದ್ದಕ್ಕೆ. ಆ ಕೋಪವೂ ಸರಿ, ಕೌರವ ಬೀಳಬೇಕಾದದ್ದೂ ಸರಿ ಎಂದು ಒಪ್ಪಿಕೊಂಡು ಬಂದಿರುವ ನಮಗೆ ಜಿಬಿಸ್ಕೋನನ್ನು ಅರ್ಥಮಾಡಿಕೊಳ್ಳುವುದು ಕಷ್ಟವಾಗಬಾರದು.

ಇದರ ಪಕ್ಕದಲ್ಲಿಟ್ಟು ನೋಡಬೇಕಾದದ್ದು ೧೯೯೭ರ ಮಾಂಟ್ರಿಯಲ್ ಪಂದ್ಯ. ಅಷ್ಟು ಹೊತ್ತಿಗೆ ಗುಟ್ಟು ಗುಟ್ಟಾಗಿ ಉಳಿದಿರಲಿಲ್ಲ. ೧೯೮೯ರಲ್ಲಿಯೇ ವಿನ್ಸ್ ಮೆಕ್‌ಮಹಾನರ ಕಂಪನಿ ನ್ಯೂಜೆರ್ಸಿಯ ಶಾಸಕರ ಮುಂದೆ ಇದು ಮನರಂಜನೆಯೆಂದು ಹೇಳಿಕೊಂಡಿತ್ತು. ಕ್ರೀಡೆಯ ಕಟ್ಟುಕಟ್ಟಳೆಗಳಿಂದ ತಪ್ಪಿಸಿಕೊಳ್ಳುವುದಿತ್ತು, ಸತ್ಯನಿಷ್ಠೆಯೇನೂ ಉಕ್ಕಿ ಬಂದಿರಲಿಲ್ಲ. ಮಾಂಟ್ರಿಯಲ್ಲಿನಲ್ಲಿ ಪಟ್ಟದಲ್ಲಿದ್ದವನು ಕೆನಡದವನೇ ಆದ ಬ್ರೆಟ್ ಹಾರ್ಟ್. ಆತ ಕಂಪನಿಯನ್ನು ಬಿಟ್ಟು ಎದುರಾಳಿ ಕಂಪನಿಗೆ ಹೊರಟಿದ್ದ. ಸ್ವದೇಶದ ಜನರ ಮುಂದೆ ಷಾನ್ ಮೈಕೆಲ್ಸ್‌ಗೆ ಸೋಲಲು ಒಪ್ಪಿರಲಿಲ್ಲ. ಪಂದ್ಯ ನಿರ್ಣಯವಿಲ್ಲದೆ ಮುಗಿಯಬೇಕೆಂದು ಮಾತಾಗಿತ್ತು. ನವೆಂಬರ್ ಒಂಬತ್ತರ ರಾತ್ರಿ, ಹಾರ್ಟ್‌ನ ಸ್ವಂತ ಪಟ್ಟನ್ನೇ ಮೈಕೆಲ್ಸ್ ಅವನಿಗೆ ಹಾಕಿದ ಕ್ಷಣದಲ್ಲಿ ಕಣದ ಬದಿಯಲ್ಲಿದ್ದ ಮಾಲೀಕ ಗಂಟೆ ಬಾರಿಸಲು ಅಪ್ಪಣೆಮಾಡಿದ. ಹಾರ್ಟ್ ಸೋಲೊಪ್ಪಿರಲಿಲ್ಲ. ಗಂಟೆ ಮಾತ್ರ ಬಾರಿಸಿತು. ಮಾಲೀಕನ ಮುಖಕ್ಕೆ ಆತ ಉಗುಳಿದ್ದನ್ನು ಜನರೆಲ್ಲ ಕಂಡರು.

೧೯೨೫ರಲ್ಲಿ ಮಾತು ಮುರಿದವನು ಜಟ್ಟಿ, ತನ್ನ ತೋಳಿನಿಂದ. ೧೯೯೭ರಲ್ಲಿ ಮುರಿದವನು ಯಜಮಾನ, ಗಂಟೆಯಿಂದ. ನನಗೆ ಮೊದಲನೆಯದರಲ್ಲಿ ಒಂದು ಬಗೆಯ ಗೌರವ ಹುಟ್ಟುತ್ತದೆ, ಎರಡನೆಯದರಲ್ಲಿ ಹುಟ್ಟುವುದಿಲ್ಲ. ‘ಎಲ್ಲವೂ ನಾಟಕವಾದ ಮೇಲೆ ಮೋಸವೆಲ್ಲಿ ಬಂತು?’ ಎನ್ನುವವರು ಒಂದು ದೃಶ್ಯವನ್ನು ಊಹಿಸಿಕೊಳ್ಳಲಿ: ಪಾತ್ರಧಾರಿಯ ಮಾತು ಮುಗಿಯುವ ಮೊದಲೇ ಕಂಪನಿಯ ಯಜಮಾನ ಪರದೆ ಎಳೆಸಿದರೆ ಅದು ನಾಟಕದ ಭಾಗವೆ?

ಜಿಬಿಸ್ಕೋನ ವಿಷಯಕ್ಕೆ ಮರಳುತ್ತೇನೆ. ೧೯೨೮ರ ಜನವರಿಯಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗರು ಗಾಮನಿಗೂ ಅವನಿಗೂ ಮತ್ತೆ ಜೋಡಿ ಕಟ್ಟಿದರು. ಇಬ್ಬರಿಗೂ ಐವತ್ತರ ಹತ್ತಿರ. ಈ ಸಲ ಚಾಪೆಯಿಲ್ಲ, ಮಣ್ಣು. ಗಾಮನ ಮಣ್ಣು, ಗಾಮನ ಜನ. ಬೋರಲು ಮಲಗಿದವನೆಂಬ ಅಪಖ್ಯಾತಿಯನ್ನು ಹದಿನೇಳು ವರ್ಷ ಹೊತ್ತವನು ಬಾರದೆ ಉಳಿಯಬಹುದಾಗಿತ್ತು. ಲಂಡನ್ನಿನ ಮರುಪಂದ್ಯಕ್ಕೆ ಹಾಗೆ ಉಳಿದವನೇ ತಾನೆ? ಈ ಸಲ ಸಮುದ್ರ ದಾಟಿ ಬಂದ. ಬಂದವನು ಬೋರಲು ಮಲಗಲಿಲ್ಲ, ನಿಂತು ಕೈಮಿಲಾಯಿಸಿದ. ಒಂದು ನಿಮಿಷವೂ ಹಿಡಿಯಲಿಲ್ಲ. ಲಂಡನ್ನಿನಲ್ಲಿ ಎರಡೂವರೆ ಗಂಟೆ ಕಾಪಾಡಿಕೊಂಡ ಬೆನ್ನು ಪಟಿಯಾಲದ ಮಣ್ಣಿಗೆ ತಾಗಿತು. ಗಾಮನ ಆ ಗೆಲುವನ್ನು ನಾವು ಹಾಡಿ ಹೊಗಳಿದ್ದೇವೆ, ಹೊಗಳಬೇಕಾದದ್ದೇ. ಅಂದು ಸೋತವನನ್ನು ಕುರಿತು ಒಂದು ಒಳ್ಳೆಯ ಮಾತನ್ನಾಡಿದ್ದರೆ ಗಾಮನ ಕೀರ್ತಿಗೆ ಕೊರತೆಯೇನೂ ಆಗುತ್ತಿರಲಿಲ್ಲ.

ಗಾಮ ೧೯೬೦ರಲ್ಲಿ ಲಾಹೋರಿನಲ್ಲಿ ತೀರಿಕೊಂಡ. ಜಿಬಿಸ್ಕೋ ೧೯೬೭ರಲ್ಲಿ ಅಮೆರಿಕದ ಮಿಸೌರಿಯಲ್ಲಿ. ಅದಕ್ಕೆ ಮೊದಲು ಅವನಿಗೆ ಇನ್ನೊಂದು ಕುಸ್ತಿ ಬಾಕಿ ಇತ್ತು. ಜೂಲ್ಸ್ ದಸಾಂ ನಿರ್ದೇಶಿಸಿದ ‘ನೈಟ್ ಅಂಡ್ ದಿ ಸಿಟಿ’ ಎಂಬ ಚಲನಚಿತ್ರ ೧೯೫೦ರಲ್ಲಿ ತೆರೆಕಂಡಿತು. ಅದರಲ್ಲಿ ಗ್ರೆಗೋರಿಯಸ್ ಎಂಬ ವೃದ್ಧ ಜಟ್ಟಿಯೊಬ್ಬನಿದ್ದಾನೆ. ಅವನ ಮಗ ಲಂಡನ್ನಿನಲ್ಲಿ ಅಗ್ಗದ ತೋರಿಕೆಯ ಕುಸ್ತಿಗಳನ್ನು ನಡೆಸಿ ಹಣ ಮಾಡುತ್ತಿದ್ದಾನೆ; ತಂದೆಗೆ ಅದನ್ನು ಕಂಡರೆ ಅಸಹ್ಯ. ಒಂದು ರಾತ್ರಿ ಪ್ರೇಕ್ಷಕರಾಗಲಿ ಟಿಕೆಟ್ಟಾಗಲಿ ಇಲ್ಲದ ಗರಡಿಯಲ್ಲಿ ಆತ ಆ ಹೊಸ ಬಗೆಯ ಜಟ್ಟಿಯೊಬ್ಬನೊಡನೆ ಹಿಡಿತಕ್ಕೆ ಬೀಳುತ್ತಾನೆ. ಆ ಪಾತ್ರವನ್ನು ಎಪ್ಪತ್ತರ ಅಂಚಿನಲ್ಲಿದ್ದ ಜಿಬಿಸ್ಕೋನಿಗೆ ಕೊಟ್ಟಿದ್ದರು. ಚಿತ್ರದಲ್ಲಿ ಆ ಕುಸ್ತಿ ಬಹಳ ಹೊತ್ತು ನಡೆಯುತ್ತದೆ. ಸಂಗೀತ, ಸಂಭಾಷಣೆಗಳು ಹಿಂದೆ ಸರಿದು ಉಸಿರಿನ ಸದ್ದು ಮುಂದೆ ಬರುತ್ತದೆ. ಯಾರು ಗೆಲ್ಲಬೇಕೆಂಬುದನ್ನು ಬರೆದಿಟ್ಟಾಗಿತ್ತು. ಅದರಂತೆ ಮುದುಕ ಗೆಲ್ಲುತ್ತಾನೆ; ಗೆದ್ದು, ಒಳಕೋಣೆಗೆ ಹೋಗಿ, ಮಗನ ತೋಳಿನಲ್ಲಿ ಪ್ರಾಣ ಬಿಡುತ್ತಾನೆ. ಅಲ್ಲಿ ಉಸಿರುಗಟ್ಟಿ ತಿಣುಕುತ್ತಿರುವ ಆ ಭಾರಿ ಬೆನ್ನನ್ನು ನೋಡುವಾಗ ಎಷ್ಟು ಅಭಿನಯ, ಎಷ್ಟು ಅಲ್ಲ ಎಂದು ಬಿಡಿಸಿ ಹೇಳುವುದು ನನ್ನಿಂದ ಆಗಿಲ್ಲ.